ನ್ಯೂಜಿಲ್ಯಾಂಡಿನಲ್ಲಿ ಭಾವನ ಸ್ಟೇರಿಂಗು

ನಮ್ಮ ಭಾವ ನ್ಯೂಜಿಲ್ಯಾಂಡಿಗೆ ಹೋಗಿ ಬಂದದ್ದು ಖಂಡಿತ ನಿಜ. ಆದರೆ ಅವರು ನ್ಯೂಜಿಲ್ಯಾಂಡ್ ನೋಡಿ ಬಂದರು ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅವರು ನೋಡಿದ್ದು ರಸ್ತೆ. ಬಿಳಿ ಗೆರೆ, ಹಳದಿ ಗೆರೆ, ಎದುರಿನ ಗಾಡಿ, ಹಿಂದಿನ ಗಾಡಿ, ಅಷ್ಟೇ. ಹಿಮದ ಬೆಟ್ಟದ ಬುಡದಲ್ಲಿ ನಾನೂ ಅಕ್ಕನೂ ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದರೆ, ಭಾವ ಕುಕ್ಕರಗಾಲಲ್ಲಿ ಕೂತು ಡಾಂಬರಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ತಲ್ಲೂರಿನಿಂದ ಬೈಂದೂರಿನವರೆಗಿನ ಒಂದೊಂದು ಹೊಂಡಕ್ಕೂ ಹೆಸರಿಟ್ಟು ಸಾಕಿದ ಮನುಷ್ಯನಿಗೆ, ಹೊಂಡವೇ ಇಲ್ಲದ ರಸ್ತೆ ಎಂದರೆ ಹಿಮದ ಬೆಟ್ಟಕ್ಕಿಂತ ದೊಡ್ಡ ಸೋಜಿಗವಲ್ಲವೇ?

ಭಾವ ಎಂದರೆ ನನ್ನ ಅಕ್ಕನ ಗಂಡ. ಕುಂದಾಪುರ–ಬೈಂದೂರು ಮಾರ್ಗದಲ್ಲಿ ಮೂವತ್ತನಾಲ್ಕು ವರ್ಷ ಖಾಸಗಿ ಬಸ್ಸು ಓಡಿಸಿದವರು. ಆ ದಾರಿಯಲ್ಲಿ ಮರವಂತೆ ಇದೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ನದಿ, ನಡುವೆ ರಸ್ತೆ. ಎಲ್ಲೆಲ್ಲಿಂದಲೋ ಬಂದವರು ಅಲ್ಲಿ ಕಾರು ನಿಲ್ಲಿಸಿ ಫೋಟೋ ಹೊಡೆಸಿಕೊಳ್ಳುತ್ತಾರೆ. ದಿನಕ್ಕೆ ಆರು ಸಲ ಅದನ್ನು ದಾಟುತ್ತಿದ್ದ ನಮ್ಮ ಭಾವನ ಅಭಿಪ್ರಾಯ ಮಾತ್ರ ಬೇರೆ: "ಹೋಪತಿಗೆ ಎಡಕ್ಕೆ ಸಮುದ್ರ, ಬಪ್ಪತಿಗೆ ಬಲಕ್ಕೆ ಸಮುದ್ರ. ಅದ್ರಂಗೆ ಕಾಂಬುದ್ ಎಂತ ಇತ್ ಮಾರಾಯ?"

ಅವರ ಬಸ್ಸಿಗೆ ಅದರದೇ ಕಾನೂನುಗಳಿದ್ದವು. ಹಾರನ್ ಎಂದರೆ ಎಚ್ಚರಿಕೆಯಲ್ಲ, ಭಾಷೆ. ಎರಡು ಸಣ್ಣ ಹಾರನ್ ಎಂದರೆ ಎದುರಿನ ಡ್ರೈವರಿಗೆ ಕ್ಷೇಮಸಮಾಚಾರ. ಒಂದು ಉದ್ದದ್ದು ಎಂದರೆ ಹೆಮ್ಮಾಡಿಯಲ್ಲಿ ಇನ್ನೂ ಸೀರೆ ಸುತ್ತಿಕೊಳ್ಳುತ್ತಿರುವ ಹೆಂಗಸರಿಗೆ ಬಸ್ಸು ಬಂತು ಎಂಬ ಸುದ್ದಿ. ದೈವದ ಗುಡಿ ಕಂಡಲ್ಲಿ ಅರ್ಧ ಹಾರನ್, ಅದು ನಮಸ್ಕಾರ. ಕಂಡಕ್ಟರ್ "ರೈಟ್" ಎನ್ನದೆ ಗಾಡಿ ಒಂದು ಅಂಗುಲ ಮುಂದೆ ಹೋಗುವಂತಿಲ್ಲ. ಹಿಂದೆ ತೆಗೆಯುವುದಾದರೆ ಯಾರಾದರೂ ಬಸ್ಸಿನ ಬೆನ್ನು ತಟ್ಟಿ "ಬರ್ಲಿ ಬರ್ಲಿ" ಎನ್ನಬೇಕು. ಇದೆಲ್ಲ ಎಲ್ಲ ಬಸ್ಸಿನಲ್ಲೂ ಇದ್ದದ್ದೇ ಅನ್ನಿ. ಭಾವನ ಬಸ್ಸಿನಲ್ಲಿ ಮಾತ್ರ ಎದುರಿನ ಗಾಜಿನ ಮೇಲೆ, ದೇವರ ಪಟದ ಪಕ್ಕದಲ್ಲಿ, ಹಳದಿ ಬಣ್ಣದಲ್ಲಿ ಬರೆದ ಒಂದು ಬೋರ್ಡಿತ್ತು: "ಚಾಲಕರೊಂದಿಗೆ ಮಾತನಾಡಬಾರದು." ಅದನ್ನು ಅವರು ವೇದವಾಕ್ಯದ ಹಾಗೆ ಪಾಲಿಸುತ್ತಿದ್ದರು.

ಅಕ್ಕ ನಾವುಂದದ ಅಂಗನವಾಡಿಯಲ್ಲಿ ಟೀಚರ್. ಹೆಮ್ಮಾಡಿಯ ಮನೆಯಿಂದ ದಿನಾ ಹೋಗಿ ಬರುತ್ತಿದ್ದದ್ದು ಗಂಡನ ಬಸ್ಸಿನಲ್ಲೇ. ಎಡಬದಿಯ ಮೊದಲನೇ ಸೀಟು, ಕಿಟಕಿ ಬದಿ. ಗಂಡ ಕಣ್ಣೆದುರೇ ಇದ್ದರೂ ಮಾತಿಲ್ಲ. ಒಮ್ಮೆ ಮನೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಲು ಹೋದದ್ದಕ್ಕೆ ಭಾವ ಉತ್ತರ ಕೊಡಲಿಲ್ಲ, ಬೋರ್ಡಿನ ಕಡೆ ಬೆರಳು ತೋರಿಸಿದರಂತೆ. ಅಂದಿನಿಂದ ಎಲ್ಲವೂ ಕಂಡಕ್ಟರ್ ಮೂಲಕ. ಎಷ್ಟರ ಮಟ್ಟಿಗೆ ಎಂದರೆ, ಅವರ ಮಗಳು, ಅಂದರೆ ನನ್ನ ಸೋದರ ಸೊಸೆ, ಹುಟ್ಟುವ ದಿನ ಕುಂದಾಪುರದ ಕಡೆಗೆ ಬರುತ್ತಿದ್ದಾಗ ಅಕ್ಕನಿಗೆ ತ್ರಾಸಿಯಲ್ಲಿ ನೋವು ಸುರುವಾಯಿತು. ಆ ಸುದ್ದಿಯೂ ಭಾವನಿಗೆ ಮುಟ್ಟಿದ್ದು ಕಂಡಕ್ಟರ್ ಮೂಲಕವೇ! ಸುದ್ದಿ ಮುಟ್ಟಿದ ಮೇಲೆ ಬಸ್ಸು ಮುಳ್ಳಿಕಟ್ಟೆಯಲ್ಲಿ ನಿಲ್ಲಲಿಲ್ಲ, ಹೆಮ್ಮಾಡಿಯಲ್ಲಿ ನಿಲ್ಲಲಿಲ್ಲ, ತಲ್ಲೂರಿನಲ್ಲೂ ನಿಲ್ಲಲಿಲ್ಲ. ಅಂದು ಆ ಬಸ್ಸಿನಲ್ಲಿದ್ದ ಅಷ್ಟೂ ಪ್ರಯಾಣಿಕರು ಇಳಿದದ್ದು ಹೆರಿಗೆ ಆಸ್ಪತ್ರೆಯ ಬಾಗಿಲಿನಲ್ಲಿ.

ಆ ಸೊಸೆ ಈಗ ಗಂಡನ ಜೊತೆ ಮುಂಬಯಿಯಲ್ಲಿ ಹೋಟೆಲ್ ನಡೆಸುತ್ತಾಳೆ. ಭಾವ ನಿವೃತ್ತರಾದಾಗ, ಅಪ್ಪ ಅಮ್ಮ ಎಲ್ಲಿಗೆ ಬೇಕಾದರೂ ಹೋಗಿ ಬನ್ನಿ, ಏರ್ಪಾಡು ನನ್ನದು ಎಂದಳು. ನಾವೆಲ್ಲ ಕಾಶಿ ಎನ್ನುತ್ತಾರೆ ಎಂದುಕೊಂಡೆವು. ಭಾವ ಮಗಳಿಗೆ ಕೇಳಿದ್ದು ಎರಡೇ ಪ್ರಶ್ನೆ: ಸ್ಟೇರಿಂಗು ನಮ್ಮ ಹಾಗೆ ಬಲಕ್ಕಿರುವ ದೇಶ ಯಾವುದು, ಅದರಲ್ಲಿ ನಮ್ಮ ಲೈಸೆನ್ಸಿಗೆ ಮರ್ಯಾದೆ ಕೊಡುವ ದೇಶ ಯಾವುದು? ಹಾಗೆ ಆಯ್ಕೆಯಾದದ್ದು ನ್ಯೂಜಿಲ್ಯಾಂಡು. ಜಗತ್ತಿನಲ್ಲಿ ಸ್ಟೇರಿಂಗು ನೋಡಿ ದೇಶ ಆರಿಸಿದ ಪ್ರವಾಸಿ ನಮ್ಮ ಭಾವ ಒಬ್ಬರೇ ಇರಬೇಕು.

ಇಂಗ್ಲಿಷಿಗೆ ಜನ ಬೇಕಲ್ಲ, ಅದಕ್ಕೆ ನಾನು. ಬ್ರಹ್ಮಾವರದ ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುವ ನನಗೂ ಲೈಸೆನ್ಸಿದೆ, ಆದರೆ ನಾನು ನಲವತ್ತರ ಮೇಲೆ ಹೋದವನಲ್ಲ. ನಾನು ಕಾರು ಬಿಟ್ಟರೆ ಕೋಟೇಶ್ವರ ಮುಟ್ಟುವುದರೊಳಗೆ ಮೀನು ಹಳಸುತ್ತದೆ ಎಂಬುದು ಭಾವನ ಹಳೆಯ ತಮಾಷೆ.

ಹೊರಡುವ ಮೊದಲು ಮೂರು ತಿಂಗಳು, ಪ್ರತಿ ಭಾನುವಾರ, ನಾನು ಹೆಮ್ಮಾಡಿಗೆ ಹೋಗಿ ಆ ದೇಶದ ರಸ್ತೆ ನಿಯಮದ ಪುಸ್ತಕವನ್ನು ಕನ್ನಡದಲ್ಲಿ ಹೇಳಬೇಕಿತ್ತು. ಭಾವ ಜಗುಲಿಯಲ್ಲಿ ಕೂತು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಪಾದಚಾರಿಗೆ ನಿಲ್ಲಬೇಕು ಎಂದರೆ ಯಾವ ಪಾದಚಾರಿಗೆ ಎಂದು ಕೇಳಿದರು. ಎಲ್ಲ ಪಾದಚಾರಿಗೂ ಎಂದೆ. ಹಾಗಾದರೆ ಊರು ಮುಟ್ಟುವುದು ಯಾವಾಗ ಎಂದರು. ದನದ ಪಾಠ ಯಾವುದು ಎಂದು ಕೇಳಿದರು. ಪ್ರಾಣಿಗಳ ಬಗ್ಗೆ ಒಂದು ಪುಟ ಇದೆ, ಕುರಿಯೇ ಜಾಸ್ತಿ ಎಂದೆ. ದನಕ್ಕಿಂತ ಕುರಿಗೆ ಬುದ್ಧಿ ಕಡಿಮೆ, ಜಾಗ್ರತೆ ಬೇಕು ಎಂದು ಬರೆದುಕೊಂಡರು.

ಒಂದು ವಿಚಿತ್ರ ಮಾತ್ರ ನನಗೆ ಅರ್ಥವಾಗಲಿಲ್ಲ. ಪ್ರತಿ ಪಾಠ ಮುಗಿದಾಗಲೂ ಪೆನ್ನು ಹಿಡಿದುಕೊಂಡೇ ಕಾಯುತ್ತಿದ್ದರು. "ಮುಗೀತಾ? ಡ್ರೈವರಿಗೆ ಬೇರೆಂತದೂ ಬರಿಲಿಲ್ಯಾ?" ಇಲ್ಲ ಎಂದರೆ, ಇನ್ನೊಮ್ಮೆ ಸರಿಯಾಗಿ ನೋಡು ಎನ್ನುತ್ತಿದ್ದರು. ಕೊನೆಯ ಪುಟ ಮುಗಿದ ದಿನ ಮೂರು ಸಲ ನೋಡಿಸಿದರು. ಪರೀಕ್ಷೆಗೆ ಹೆದರುವ ಮಕ್ಕಳು ಹೀಗೆ ಮಾಡುವುದನ್ನು ಲೈಬ್ರರಿಯಲ್ಲಿ ಬೇಕಾದಷ್ಟು ನೋಡಿದ್ದೇನೆ, ಹಾಗಾಗಿ ಸುಮ್ಮನಾದೆ.

ಸರಿ, ಹೋದೆವು. ವಿಮಾನ ನಿಲ್ದಾಣದಲ್ಲೇ ಮೊದಲ ವಿಘ್ನ. ಕಾರಿನ ಚಕ್ರಕ್ಕೆ ಇಡಲೆಂದು ಭಾವ ಹೆಮ್ಮಾಡಿಯ ಮನೆಯಂಗಳದ ನಾಲ್ಕು ಲಿಂಬೆಹಣ್ಣು ಚೀಲದಲ್ಲಿ ತಂದಿದ್ದರು. ಆ ದೇಶಕ್ಕೆ ಹೊರಗಿನ ಹಣ್ಣು ತರುವಂತಿಲ್ಲ. ಅಧಿಕಾರಿ ಕೈಗವಸು ಹಾಕಿಕೊಂಡು ಅವನ್ನು ಹಾವಿನ ಮರಿಗಳನ್ನು ಹಿಡಿದಂತೆ ಹಿಡಿದು ಕೊಂಡೊಯ್ದ. ಭಾವ ಬಿಡುತ್ತಾರೆಯೇ? ಅಲ್ಲೇ ಅಂಗಡಿಯಲ್ಲಿ ನಾಲ್ಕು ಲಿಂಬೆ ಕೊಂಡು, ಬಾಡಿಗೆ ಕಾರಿನ ಅಂಗಳದಲ್ಲಿ ಚಕ್ರಕ್ಕೊಂದರಂತೆ ಇಟ್ಟು, ಸ್ಟೇರಿಂಗಿಗೆ ಕೈಮುಗಿದು ಕೂತರು. ಕೀಲಿ ಕೊಟ್ಟ ಹುಡುಗಿ ಬಗ್ಗಿ ನೋಡಿ, ಇದು ಟಯರು ಪರೀಕ್ಷಿಸುವ ನಿಮ್ಮ ದೇಶದ ಕ್ರಮವೇ ಎಂದು ಕೇಳಿದಳು. ನಾನು ಹೌದು ಎಂದೆ, ಇನ್ನೇನು ಹೇಳಲಿ?

ಹೊರಡುವ ಮೊದಲು ಭಾವ ಇಳಿದು ಹೋಗಿ ಮುಂದಿನ ಎಡಬಾಗಿಲನ್ನು ಅಕ್ಕನಿಗಾಗಿ ತೆರೆದು ಹಿಡಿದರು. ಅಕ್ಕ ಅದನ್ನು ಗಮನಿಸದವಳಂತೆ ಹಿಂದಿನ ಎಡ ಸೀಟಿಗೆ ಹೋಗಿ ಕಿಟಕಿ ಬದಿ ಕೂತಳು. ಭಾವ ಕರೆದರೆ, ತನಗೆ ಅಲ್ಲೇ ಅಭ್ಯಾಸ ಎಂದಳು. ತೆರೆದ ಬಾಗಿಲಿಗೆ ಕೊನೆಗೆ ನಾನು ಹತ್ತಿದೆ. ಭಾವನ ಮುಖ ಸ್ವಲ್ಪ ಸಣ್ಣದಾಯಿತು. ಇಂಜಿನ್ ಸುರುವಾಯಿತು, ಕಾರು ಮಾತ್ರ ಹೊರಡಲಿಲ್ಲ. ಅರ್ಧ ನಿಮಿಷ ಕಳೆಯಿತು. ಏನಾಯಿತು ಎಂದು ಕೇಳಿದರೆ ಎದುರಿನ ಗಾಜನ್ನೇ ನೋಡುತ್ತಾ, "ರೈಟ್ ಹೇಳ್" ಎಂದರು. ನಾನು ರೈಟ್ ಎಂದೆ. ಮೂವತ್ತು ವರ್ಷ ಪುಸ್ತಕ ಜೋಡಿಸಿದವನು ಹೀಗೆ ವಿದೇಶದಲ್ಲಿ ಕಂಡಕ್ಟರ್ ಆದೆ.

ಮೊದಲ ದಿನ ಇಡೀ ಹಾರನ್ನಿನದೇ ಕಥೆ. ಆ ದೇಶದಲ್ಲಿ ಅಪಾಯಕ್ಕೆ ಮಾತ್ರ ಹಾರನ್. ಇದು ನೋಟ್‌ಬುಕ್ಕಿನಲ್ಲಿತ್ತು, ಆದರೆ ನೋಟ್‌ಬುಕ್ಕು ಚೀಲದಲ್ಲಿತ್ತು. ಭಾವ ಎದುರು ಬಂದ ಹಾಲಿನ ಟ್ಯಾಂಕರಿನ ಕ್ಷೇಮ ವಿಚಾರಿಸಿದರು. ಬಿಳಿ ಕಲ್ಲಿನ ಸಣ್ಣ ಇಗರ್ಜಿಯ ಶಿಲುಬೆ ಕಂಡಾಗ ದೇವರೊಬ್ಬನೇ ಎಂಬ ಭಾವದಿಂದ ಅರ್ಧ ಹಾರನ್ ಹಾಕಿದರು. ಒಬ್ಬ ಸೈಕಲ್ ಸವಾರನಂತೂ ಹಾರಿಬಿದ್ದು ಚರಂಡಿಯ ಅಂಚಿಗೆ ಹೋಗಿ ನಿಂತು, ನಮ್ಮ ಕಡೆ ಒಂದು ಬೆರಳು ಎತ್ತಿ ತೋರಿಸಿದ. ಭಾವನಿಗೆ ಬೇಸರವಾಯಿತು. ಪಾಪ, ಒಂದು ಸೀಟು ಇದೆಯೇ ಎಂದು ಕೇಳುತ್ತಿದ್ದಾನೆ, ಸೈಕಲ್ ಎಲ್ಲಿಡುವುದು ಎಂದರು. ಆ ಬೆರಳಿನ ಅರ್ಥ ನನಗೆ ಗೊತ್ತಿತ್ತು. ಕೆಲವು ಅನುವಾದಗಳನ್ನು ಮಾಡದಿರುವುದೇ ಲೇಸು.

ಎರಡನೆಯ ದಿನ ಸೇತುವೆ. ಅಲ್ಲಿ ಒಂದೇ ಗಾಡಿ ಹಿಡಿಸುವ ಸೇತುವೆಗಳು ಬಹಳ. ಫಲಕದಲ್ಲಿ ಯಾರು ಹೋಗುವ ದಿಕ್ಕಿನ ಬಾಣ ದೊಡ್ಡದೋ ಅವರು ಮೊದಲು. ನಮ್ಮದು ಸಣ್ಣ ಬಾಣವಾದ್ದರಿಂದ ನಾವು ಕಾಯಬೇಕು. ಆದರೆ ನಮ್ಮೂರಿನ ಬಾಣ ಬೇರೆ ಅಲ್ಲವೇ? ಮೊದಲು ಹೆಡ್‌ಲೈಟ್ ಮಿನುಗಿಸಿದವನದ್ದೇ ಸೇತುವೆ! ನಾನು ಬರ್ತಾ ಇದ್ದೇನೆ, ನೀನು ನಿಲ್ಲು ಎಂದರ್ಥ. ಭಾವ ಮಿನುಗಿಸಿದರು. ಎದುರಿನ ಕಾರಿನಲ್ಲಿದ್ದ ಅಜ್ಜಿ ಕೈಬೀಸಿ ಥ್ಯಾಂಕ್ಸ್ ಹೇಳಿ ಸೇತುವೆಗೆ ಹತ್ತಿಯೇಬಿಟ್ಟರು. ಆ ದೇಶದಲ್ಲಿ ಲೈಟು ಮಿನುಗಿಸಿದರೆ, ನೀವು ಬನ್ನಿ, ನಾನು ಕಾಯುತ್ತೇನೆ ಎಂದಂತೆ. ಅಷ್ಟರಲ್ಲಿ ಭಾವನೂ ಹತ್ತಿಯಾಗಿತ್ತು. ಸೇತುವೆಯ ನಟ್ಟ ನಡುವೆ ಎರಡು ಕಾರು ಮೂಗಿಗೆ ಮೂಗು ತಾಗಿಸಿ ನಿಂತವು.

"ಲೈಟ್ ಹಾಕ್ದ್ ಕಂಡ್ರೂ ಬಪ್ಪುದಾ? ಎಂತ ಧೈರ್ಯ ಕಾಣ್ ಈ ಅಜ್ಜಿದ್" ಎಂದು ಭಾವ ಕುದಿಯತೊಡಗಿದರು. ನಾನು ಇಳಿದು ಅಜ್ಜಿಗೆ ಸಮಜಾಯಿಷಿ ಹೇಳಿ ಬಂದು, ತಪ್ಪು ನಮ್ಮದೇ ಎಂದು ಭಾವನಿಗೆ ಬಾಣದ ಲೆಕ್ಕ ಬಿಡಿಸಿದೆ. ಭಾವ ನನ್ನನ್ನು ಹಿಂದೆ ಕಳಿಸಿದರು. ನಾನು ಕಾರಿನ ಬೆನ್ನು ತಟ್ಟುತ್ತಾ "ಬರ್ಲಿ ಬರ್ಲಿ" ಎನ್ನುತ್ತಾ ಓಡಿದೆ, ಭಾವ ಅಷ್ಟುದ್ದದ ಸೇತುವೆಯನ್ನು ಹಿಂದು ಹಿಂದಾಗಿ ಕೂದಲೆಳೆ ಅತ್ತಿತ್ತ ಆಗದಂತೆ ದಾಟಿಸಿ ಬದಿಗೆ ನಿಲ್ಲಿಸಿದರು. ಅಜ್ಜಿ ದಾಟಿ ಹೋಗುವಾಗ ಕಿಟಕಿ ಇಳಿಸಿ ಚಪ್ಪಾಳೆ ತಟ್ಟಿದರು. ನನಗೆ ಎರಡು ದಿನ ಮೊಣಕಾಲು ನೋವಿತ್ತು.

ಅದೇ ಸಂಜೆ ಪೊಲೀಸು. ನಾಲ್ಕು ರಸ್ತೆ ಸೇರುವಲ್ಲಿ ನಿಲ್ಲಬೇಕೆಂದು ಫಲಕವಿತ್ತು. ಕಣ್ಣು ಹಾಯಿಸಿದಷ್ಟು ದೂರ ಒಂದು ಕುರಿಯೂ ಇರಲಿಲ್ಲ. ಯಾರೂ ಇಲ್ಲದಲ್ಲಿ ನಿಲ್ಲುವುದು ಯಾರಿಗೆ ಎಂದು ಭಾವ ಮುಂದೆ ಹೋದರು. ಯಾರೂ ಇಲ್ಲದಲ್ಲಿ ಒಬ್ಬ ಪೊಲೀಸ್ ಇದ್ದ. ಅಲ್ಲಿ ಪೊಲೀಸರು ನಿಲ್ಲಿಸಿದರೆ ಕಾರಿನಲ್ಲೇ ಅಲುಗಾಡದೆ ಕೂತಿರಬೇಕು. ನಮ್ಮಲ್ಲಿ ಕೂತಿದ್ದರೆ ಅದು ಅಹಂಕಾರ. ಭಾವ ಮರ್ಯಾದಸ್ಥರಂತೆ ಥಟ್ಟನೆ ಇಳಿದು, ಪ್ಲಾಸ್ಟಿಕ್ ಕವರಿನಲ್ಲಿದ್ದ ಸಕಲ ಕಾಗದಪತ್ರಗಳನ್ನು ಎದೆಗೊತ್ತಿಕೊಂಡು ಅವನತ್ತ ನಡೆದರು. ಪೊಲೀಸ್ ಎರಡು ಹೆಜ್ಜೆ ಹಿಂದೆ ಸರಿದು ಕೈ ಅಡ್ಡ ಹಿಡಿದ. ಭಾವ ವಿನಯ ಸಾಲದಾಯಿತೆಂದು ಚಪ್ಪಲಿ ಬಿಟ್ಟರು. ಅವನು ಗಾಬರಿಯಾದ. ನಾನು ಕಿಟಕಿಯಿಂದಲೇ ಕೂಗಿ ಕೂಗಿ ಹೇಳಿದ ಮೇಲೆ, ಎಚ್ಚರಿಕೆ ಕೊಟ್ಟು ಬಿಟ್ಟ.

ಉಳಿದುಕೊಂಡಲ್ಲಿ ಆ ಸಂಜೆ ಅಕ್ಕ ಗಂಜಿ ಬಡಿಸಿ, ಉಪ್ಪಿನಕಾಯಿ ಭರಣಿ ಮುಚ್ಚಿ, ತೀರ್ಪು ಕೊಟ್ಟಳು. ನಾಳೆ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಒಂದು ತಪ್ಪು ಆದರೂ ಕೀಲಿ ತಮ್ಮನ ಕೈಗೆ, ಭಾವ ಹಿಂದಿನ ಸೀಟಿಗೆ. ನಾನು ಮೇಜಿನ ಮೇಲಿದ್ದ ಕೀಲಿಯನ್ನು ಭಾವನ ಕಡೆಗೇ ಸರಿಸಿದೆ. ಭಾವ ಮಾತ್ರ ಅಕ್ಕನ ಮುಖವನ್ನೇ ನೋಡಿ, "ತಪ್ಪ್ ಆಗ್ದಿದ್ರೆ?" ಎಂದರು.

"ಆಗ್ದಿದ್ರೆ ಎಂತ? ನೀವೇ ಬಿಡಿ."

"ಅದಲ್ಲ. ಆಗ್ದಿದ್ರೆ ನೀನ್ ಮುಂದಿನ ಸೀಟಿಗೆ ಬಂದ್ ಕೂಕಣ್ಕ್."

ಅಕ್ಕ ಇದೇನು ಮಕ್ಕಳಾಟ ಎಂಬಂತೆ ನಕ್ಕು ಒಪ್ಪಿದಳು. ಭಾವ ಗಂಜಿ ಬಿಟ್ಟು ಎದ್ದು ಚೀಲದಿಂದ ನೋಟ್‌ಬುಕ್ಕು ತೆಗೆದರು.

ಮೂರನೆಯ ದಿನ ನಾನು ಕಂಡದ್ದು ಬೇರೆಯೇ ಮನುಷ್ಯನನ್ನು. ಕುಂದಾಪುರದ ಸರ್ಕಲ್ಲಿನಲ್ಲಿ ಯಾರಿಗೂ ದಾರಿ ಬಿಡದ ಭಾವ ಅಂದು ಜಗತ್ತಿಗೆಲ್ಲ ದಾರಿ ಬಿಟ್ಟರು. ಪಟ್ಟೆ ಬಳಿದಲ್ಲಿ ಇಬ್ಬರು ಹೆಂಗಸರು ನಿಂತಿದ್ದರು, ಕಾರು ನಿಲ್ಲಿಸಿ ಕಾದರು. ಅವರು ರಸ್ತೆ ದಾಟುವವರಲ್ಲ, ಪಟ್ಟಾಂಗ ಹೊಡೆಯುವವರು. ಆದರೂ ಕಾದರು. ನಿಲ್ಲು ಎಂದು ಬರೆದಲ್ಲೆಲ್ಲ ನಿಂತು, ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ, ಆಮೇಲೆ ನನ್ನ ರೈಟ್ ಕೇಳಿ ಹೊರಟರು. ಇಗರ್ಜಿ ಕಂಡಾಗ ಕೈ ಹಾರನ್ನಿನವರೆಗೂ ಹೋಗಿ ವಾಪಸಾಯಿತು, ತಲೆ ಬಾಗಿಸಿ ಸುಧಾರಿಸಿದರು. ಹಿಂದೆ ಬಂದವರಿಗೆ ಬದಿಗೆ ಸರಿದು ಮುಂದೆ ಹೋಗಲು ಬಿಟ್ಟಾಗಲಂತೂ ಅವರ ಕುತ್ತಿಗೆಯ ನರ ಉಬ್ಬಿದ್ದನ್ನು ನಾನು ಕಣ್ಣಾರೆ ಕಂಡೆ. ಮೂವತ್ತನಾಲ್ಕು ವರ್ಷದಲ್ಲಿ ಒಬ್ಬನೇ ಒಬ್ಬ ಡ್ರೈವರಿಗೂ ಸಿಗದ ಭಾಗ್ಯ ಅದು!

ಸಂಜೆ, ಉಳಿಯುವ ಜಾಗ ಇನ್ನೇನು ಕಾಣಬೇಕು, ರಸ್ತೆ ಬದಿಯಲ್ಲಿ ಒಬ್ಬ ಮನುಷ್ಯ ಕೈ ಎತ್ತಿದ. ಕೈ ಎತ್ತಿದವನನ್ನು ಬಿಟ್ಟು ಹೋಗುವುದು ಭಾವನ ಜಾತಕದಲ್ಲಿಲ್ಲ. ಆದರೆ ಅಲ್ಲಿ ರಸ್ತೆಯಂಚಿಗೆ ಹಳದಿ ಗೆರೆ, ನಿಲ್ಲಿಸಿದರೆ ತಪ್ಪು. ಹಿಂದಿನಿಂದ ಅಕ್ಕ ಮುಂದೆ ಬಗ್ಗಿದ್ದು ತಿಳಿಯಿತು. ಭಾವನ ಕಾಲು ಬ್ರೇಕಿನ ಮೇಲೆ ಹೋಯಿತು, ಬಂತು. ಕಾರು ಮುಂದೆ ಹೋಯಿತು. ಗೆರೆ ಮುಗಿದ ಮೇಲೆ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಎಡಕ್ಕೆ ಸರಿದು ನಿಲ್ಲಿಸಿದರು. ತಿರುಗಿ ನೋಡಿದರೆ ಆ ಪುಣ್ಯಾತ್ಮ ಕೈ ಎತ್ತಿ ಕರೆದದ್ದು ತನ್ನ ನಾಯಿಯನ್ನು. ಅಂತೂ ಕೀಲಿ ಭಾವನಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಅಕ್ಕ ಮುಂದೆ ಕೂತಳು, ನಾನು ಹಿಂದೆ. ರೈಟ್ ಎಂದೆ. ಸ್ವಲ್ಪ ಹೊತ್ತಿಗೆ ರಸ್ತೆ ಸಮುದ್ರದ ಬದಿಗೆ ಬಂತು. ಎಡಕ್ಕೆ ಸಮುದ್ರ, ಬೈಂದೂರಿಗೆ ಹೋಗುವಾಗಿನ ಹಾಗೆಯೇ. ಅಕ್ಕ ಎರಡೂ ಕೈ ಮಡಿಲಲ್ಲಿಟ್ಟು ನೇರ ಕೂತಿದ್ದಳು. ಒಂದು ಮಾತಿಲ್ಲ. ಭಾವನೇ ಮೆಲ್ಲಗೆ, ಏನಾದರೂ ಮಾತಾಡು ಎಂದರು. ಅಕ್ಕನ ಕಣ್ಣು ತಾನಾಗಿಯೇ ಗಾಜಿನ ಮೇಲ್ಬದಿಗೆ ಹೋದದ್ದನ್ನು ನಾನು ನೋಡಿದೆ, ಬೋರ್ಡಿರುತ್ತಿದ್ದ ಜಾಗಕ್ಕೆ.

"ಇಲ್ಲಿ ಬೋರ್ಡ್ ಇಲ್ಲೆ ಹೆಣೆ. ಇಡೀ ಪುಸ್ತಕ ಓದ್ಸಿ ಕಂಡೆ. ಡ್ರೈವರಿನ್ ಹತ್ರ ಮಾತಾಡುಕಾಗ ಅಂದ್ ಈ ದೇಶದಂಗೆ ಎಲ್ಲೂ ಬರಿಲಿಲ್ಲೆ" ಎಂದರು ಭಾವ.

ಹೆಮ್ಮಾಡಿಯ ಜಗುಲಿಯಲ್ಲಿ ಪೆನ್ನು ಹಿಡಿದು ಕಾಯುತ್ತಿದ್ದ ಭಾವ ನನ್ನ ಕಣ್ಣಿಗೆ ಕಟ್ಟಿದರು. ಅಷ್ಟೂ ಭಾನುವಾರ ಅವರು ಹುಡುಕಿದ್ದು ಇದನ್ನು! ನಾನು ಅವರನ್ನು ಪರೀಕ್ಷೆಗೆ ಹೆದರಿದ ಹುಡುಗ ಎಂದುಕೊಂಡಿದ್ದೆನಲ್ಲ, ನಾಚಿಕೆಯಾಯಿತು.

ಆಮೇಲೆ ಭಾವ ರಸ್ತೆ ನೋಡುತ್ತಲೇ ಹೇಳಿದ್ದು ನನಗೆ ಅಂದಿನವರೆಗೆ ಗೊತ್ತಿರದ ಸಂಗತಿ. ಮದುವೆಯಾದ ಹೊಸತರಲ್ಲಿ, ಮರವಂತೆ ದಾಟುವಾಗ, ಅಕ್ಕ ಹಿಂದಿನಿಂದ "ಹ್ವಾಯ್" ಎಂದು ಕರೆದಿದ್ದಳಂತೆ. ಭಾವ ತಿರುಗಿದರು. ಮತ್ತೆ ಮುಂದೆ ನೋಡುವಷ್ಟರಲ್ಲಿ ಎದುರಿಗೆ ಸೈಕಲ್ಲಿನಲ್ಲಿ ಮೀನು ಮಾರುವವ. ಸ್ಟೇರಿಂಗು ಎಳೆದದ್ದಕ್ಕೆ ಬಸ್ಸು ಎಡಕ್ಕಿಳಿದು, ಚಕ್ರ ಮರಳಿನಲ್ಲಿ ಹೂತು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ರಸ್ತೆ ತುಂಬ ಬಂಗುಡೆ ಚೆಲ್ಲಿತು, ಅಷ್ಟೇ. ಮರುದಿನವೇ ಬೋರ್ಡು ಬಂತು. ಅದನ್ನು ಬಸ್ಸಿನ ಯಜಮಾನರು ಬರೆಸಿದ್ದಲ್ಲ, ಭಾವ ತಾವೇ ಬಣ್ಣ ತಂದು ಬರೆದದ್ದು.

"ನನ್ ಮೇಲ್ ಸಿಟ್ಟ್ ಅಂದೇ ಎಣಿಸಿದ್ದೆ ಇಷ್ಟ್ ವರ್ಷ" ಎಂದಳು ಅಕ್ಕ.

"ಸಿಟ್ಟಲ್ಲ, ಹೆದ್ರಿಕೆ. ನೀ ಕರೆದ್ರೆ ನಂಗ್ ತಿರ್ಗದೆ ಇಪ್ಪುಕೆ ಆತಿಲ್ಲೆ."

ಆಮೇಲೆ ಭಾವ ಕೇಳಿದರು, ಅವತ್ತು ಏನು ಹೇಳಲು ಕರೆದದ್ದು ಎಂದು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಮರೆತಿದ್ದಾಳೆ ಎಂದುಕೊಂಡೆ. ಮರೆತಿರಲಿಲ್ಲ.

"ಎಂತ ಇಲ್ಲೆ. ಸಮುದ್ರ ಕಾಣಿ, ಎಷ್ಟ್ ಚಂದ ಇತ್ ಅಂದ್ ಹೇಳುಕೆ ಕರೆದದ್."

ಭಾವ ಕನ್ನಡಿ ನೋಡಿದರು, ಎಡಕ್ಕೆ ಇಂಡಿಕೇಟರ್ ಹಾಕಿದರು, ಕಾರು ನಿಲ್ಲಿಸಲು ಜಾಗ ಬಿಟ್ಟಿದ್ದಲ್ಲಿ ಮೆಲ್ಲಗೆ ತಂದು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರು. ಒಂದು ನಿಯಮವೂ ತಪ್ಪಲಿಲ್ಲ. ಆಮೇಲೆ, ಮೂವತ್ತನಾಲ್ಕು ವರ್ಷ ದಿನಕ್ಕೆ ಆರು ಸಲ ಸಮುದ್ರದ ಪಕ್ಕದಲ್ಲೇ ಹೋಗಿ ಬಂದ ನಮ್ಮ ಭಾವ, ಅಕ್ಕ ನೋಡುತ್ತಿದ್ದ ಕಡೆಗೆ ಪೂರ್ತಿ ತಿರುಗಿ ಕೂತು ಸಮುದ್ರ ನೋಡಿದರು.

ತುಂಬ ಹೊತ್ತಾಯಿತು. ಮುಂದಿನ ಊರಿನಲ್ಲಿ ನಮಗೆ ಜಾಗ ಕಾದಿರಿಸಿದ್ದ ಸಮಯ ಮೀರುತ್ತಿತ್ತು, ನನಗೆ ಹಸಿವೂ ಆಗಿತ್ತು. ಭಾವ ಎಂಥವರೆಂದು ನಿಮಗೆ ಗೊತ್ತೇ ಇದೆ, ಕಂಡಕ್ಟರ್ ಹೇಳದೆ ಗಾಡಿ ಒಂದು ಅಂಗುಲ ಮುಂದೆ ಹೋಗುವುದಿಲ್ಲ. ನಾನು ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತಿದ್ದೆ. ರೈಟ್ ಹೇಳಲಿಲ್ಲ.